ಉಪಯೋಗವೇನು ಎಂದು ಕೇಳುವವರಿಗೆ

ಇದು ತಕರಾರಿನ ಬರಹ. ಮೊದಲೇ ಹೇಳಿಬಿಡುತ್ತೇನೆ, ಕಾಫಿ ಲೋಟ ಹಿಡಿದು ಆರಾಮವಾಗಿ ಓದೋಣವೆಂದು ಕೂತವರಿಗೆ ಜಗಳ ಎದುರಾಯಿತಲ್ಲ ಎಂದು ಆಮೇಲೆ ಬೇಸರವಾಗಬಾರದು. ತಕರಾರು ಪಕ್ಕದ ಮನೆಯ ಕಾಂಪೌಂಡಿನದಲ್ಲ, ನಲ್ಲಿ ನೀರಿನದೂ ಅಲ್ಲ. ಒಂದು ಸಂಖ್ಯೆಯದು.

2024ರ ಅಕ್ಟೋಬರ್ 21ರಂದು ಹೊಸ ಅವಿಭಾಜ್ಯ ಸಂಖ್ಯೆಯೊಂದು ಪತ್ತೆಯಾದ ಸುದ್ದಿ ಹೊರಬಿತ್ತು. ಒಂದರಿಂದ ಮತ್ತು ತನ್ನಿಂದಲೇ ಹೊರತು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ ಅವಿಭಾಜ್ಯ ಎಂದು ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದವರೇ: 2, 3, 5, 7, 11, 13... ಹೊಸದು ಇದೇ ಮನೆತನದ್ದು. 13,62,79,841 ಎರಡುಗಳನ್ನು ಸಾಲಾಗಿ ಬರೆದು ಒಂದಕ್ಕೊಂದು ಗುಣಿಸಿ, ಬಂದದ್ದರಿಂದ 1 ಕಳೆದರೆ ಅದು ಸಿಗುತ್ತದೆ. ಅದರಲ್ಲಿರುವ ಅಂಕಿಗಳು 4,10,24,320. ಸೆಕೆಂಡಿಗೊಂದು ಅಂಕಿಯಂತೆ ಊಟ ನಿದ್ದೆ ಬಿಟ್ಟು ಓದಿದರೆ 475 ದಿನ ಬೇಕು. ಪುಟಕ್ಕೆ ಎರಡು ಸಾವಿರ ಅಂಕಿಯಂತೆ ಅಚ್ಚು ಹಾಕಿಸಿದರೆ 250 ಪುಟಗಳ 80ಕ್ಕೂ ಹೆಚ್ಚು ಸಂಪುಟಗಳಾಗುತ್ತವೆ. ಇಂಥ ಸಂಖ್ಯೆಗಳನ್ನು ಹುಡುಕುವುದಕ್ಕೆಂದೇ 1996ರಿಂದ ಅಂತರಜಾಲದಲ್ಲಿ ಒಟ್ಟುಗೂಡಿರುವ ‘ಗಿಂಪ್ಸ್’ ಎಂಬ ಹವ್ಯಾಸಿಗಳ ಬಳಗವಿದೆ. ಆ ಬಳಗದ ಲೂಕ್ ಡುರಾಂಟ್ ಎಂಬ ಅಮೆರಿಕದ ಯುವಕ 17 ದೇಶಗಳಲ್ಲಿ ಬಾಡಿಗೆಗೆ ಸಿಗುವ ಯಂತ್ರಗಳನ್ನು ಹಿಡಿದು ಇದನ್ನು ಹುಡುಕಿದ. ಅಕ್ಟೋಬರ್ 11ರಂದು ಡಬ್ಲಿನ್‌ನಲ್ಲಿದ್ದ ಯಂತ್ರ ‘ಇರಬಹುದು’ ಎಂದಿತು. ಮರುದಿನ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿದ್ದ ಇನ್ನೊಂದು ಯಂತ್ರ ‘ಹೌದು’ ಎಂದಿತು.

ನಾನು ನೋಡಿದ ಪತ್ರಿಕೆಯಲ್ಲಿ ಇದು ಒಳಪುಟದ ಮೂಲೆಯಲ್ಲಿ ಆರು ಸಾಲಾಗಿತ್ತು. ಆರರಲ್ಲಿ ಎರಡು ಸಾಲು ತಪ್ಪು. ಅದನ್ನು ಮನೆಯಲ್ಲಿ ಓದಿ ಹೇಳಿದೆ. ಬಂದ ಪ್ರಶ್ನೆ ಒಂದೇ: ‘ಅದರಿಂದೇನು ಉಪಯೋಗ?’ ಗೆಳತಿಯರ ನಡುವೆ ಹೇಳಿದೆ. ಅಲ್ಲಿ ಪ್ರಶ್ನೆಗೆ ಇನ್ನೊಂದು ಬಾಲ ಸೇರಿಕೊಂಡಿತು: ‘ಅದರಿಂದ ನಮಗೇನು ಉಪಯೋಗ?’

ಈ ಪ್ರಶ್ನೆಯ ಮೇಲೆಯೇ ನನ್ನ ಸಿಟ್ಟು. ಐದು ದಿನ ಟೆಸ್ಟ್ ಪಂದ್ಯ ನೋಡುವವರನ್ನು ಯಾರೂ ಕೇಳುವುದಿಲ್ಲ, ಅದರಿಂದ ಉಪಯೋಗವೇನು ಅಂತ. ಅಂಚೆಚೀಟಿ ಕೂಡಿಡುವ ಗಂಡಸನ್ನು ಹವ್ಯಾಸಿ ಎನ್ನುತ್ತೇವೆ. ಹೆಂಗಸು ಕೈಗೆ ಎತ್ತಿಕೊಳ್ಳುವ ಪ್ರತಿಯೊಂದೂ ಮಾತ್ರ ಉಪಯೋಗದ ಸುಂಕದ ಕಟ್ಟೆ ದಾಟಿಯೇ ಬರಬೇಕು. ಹೊಲಿಗೆಯೇ, ಸರಿ, ನಾಲ್ಕು ಕಾಸು ಬರುತ್ತದೆ. ಸಂಗೀತವೇ, ಹಬ್ಬಕ್ಕೆ ಹಾಡಬಹುದು. ಗಣಿತವೇ? ಮಕ್ಕಳಿಗೆ ಹೋಂವರ್ಕ್ ಮಾಡಿಸುವುದಕ್ಕಾದೀತು, ಹತ್ತನೇ ಕ್ಲಾಸಿನವರೆಗೆ. ಅದರಾಚೆ?

ಪತ್ರಿಕೆಯ ಎರಡು ತಪ್ಪು ಸಾಲುಗಳನ್ನು ಮೊದಲು ಇತ್ಯರ್ಥ ಮಾಡಿಬಿಡುತ್ತೇನೆ. ಶೀರ್ಷಿಕೆಯಲ್ಲಿ ‘ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ’ ಎಂದಿತ್ತು. ಅಂಥದ್ದೊಂದು ಇಲ್ಲ. ಇಲ್ಲವೆಂದು ಸುಮಾರು 2,300 ವರ್ಷಗಳ ಹಿಂದೆಯೇ ಯೂಕ್ಲಿಡ್ ಎಂಬ ಗ್ರೀಕ್ ಪಂಡಿತ ಬರೆದಿಟ್ಟಿದ್ದಾನೆ, ಅದೂ ಪಲ್ಯಕ್ಕೆ ಒಗ್ಗರಣೆ ಹಾಕುವಷ್ಟು ಹೊತ್ತಿನಲ್ಲಿ ಅರ್ಥವಾಗುವ ಹಾಗೆ. ನಿಮ್ಮ ಕೈಯಲ್ಲಿರುವ ಅವಿಭಾಜ್ಯಗಳನ್ನೆಲ್ಲ ಒಟ್ಟಿಗೆ ಗುಣಿಸಿ, ಒಂದು ಸೇರಿಸಿ. ಬಂದ ಸಂಖ್ಯೆಯನ್ನು ಅವುಗಳಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ. ಅಂದಮೇಲೆ ಅದು ತಾನೇ ಅವಿಭಾಜ್ಯ, ಇಲ್ಲವೇ ನಮ್ಮ ಪಟ್ಟಿಯಲ್ಲಿಲ್ಲದ ಇನ್ನೊಂದು ಅವಿಭಾಜ್ಯ ಅದರೊಳಗೆ ಅಡಗಿದೆ. 2, 3, 5, 7, 11, 13 ಇವನ್ನು ಗುಣಿಸಿದರೆ 30,030. ಒಂದು ಸೇರಿಸಿದರೆ 30,031. ಇದು 59 ಮತ್ತು 509ರ ಗುಣಲಬ್ಧ. ನೋಡಿ, ಕರೆಯದ ಇಬ್ಬರು ಹೊಸ ನೆಂಟರು ಬಂದೇಬಿಟ್ಟರು. ಎಷ್ಟು ದೊಡ್ಡ ಪಟ್ಟಿ ಮಾಡಿದರೂ ಇದೇ ಕಥೆ. ಆದ್ದರಿಂದ ಪತ್ರಿಕೆ ಬರೆಯಬೇಕಿದ್ದದ್ದು ‘ಇದುವರೆಗೆ ಗೊತ್ತಾದವುಗಳಲ್ಲಿ ದೊಡ್ಡದು’ ಎಂದು. ಎರಡು ಪದ ಹೆಚ್ಚಿಗೆ ಬೇಕಾಗುತ್ತಿತ್ತು, ಅಷ್ಟೆ.

ಎರಡನೆಯ ತಪ್ಪು ಇನ್ನೂ ದೊಡ್ಡದು, ಏಕೆಂದರೆ ಅದು ಒಳ್ಳೆಯ ಉದ್ದೇಶದ ತಪ್ಪು. ಬ್ಯಾಂಕ್ ವ್ಯವಹಾರಗಳ ಭದ್ರತೆಗೆ ಈ ಸಂಖ್ಯೆ ನೆರವಾಗಲಿದೆ ಎಂದು ಕೊನೆಯ ಸಾಲು ಹೇಳಿತು. ಆಗುವುದಿಲ್ಲ. ಗುಟ್ಟಿನ ಬೀಗಗಳಿಗೆ ಅವಿಭಾಜ್ಯಗಳು ಬೇಕು, ನಿಜ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಕಟ್ಟಿದ ಬೀಗದಲ್ಲಿ ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ, ಗುಣಲಬ್ಧವನ್ನು ಊರಿಗೆಲ್ಲ ತೋರಿಸಿ, ಆ ಎರಡನ್ನು ಮಾತ್ರ ಬಚ್ಚಿಡುತ್ತಾರೆ. ಆದರೆ ಅವು ತಲಾ ಸುಮಾರು 300 ಅಂಕಿಯವು. ಗುಣಲಬ್ಧ 617 ಅಂಕಿ. ಅಂಥವನ್ನು ಕಂಪ್ಯೂಟರು ಬೇಕೆಂದಾಗ ತಾನೇ ಹೆಕ್ಕಿಕೊಳ್ಳುತ್ತದೆ, ಅವುಗಳಿಗೆ ಬರಗಾಲವಿಲ್ಲ. ನಾಲ್ಕು ಕೋಟಿ ಅಂಕಿಯ, ಪ್ರಪಂಚಕ್ಕೆಲ್ಲ ಗೊತ್ತಿರುವ ಸಂಖ್ಯೆಯನ್ನು ಗುಟ್ಟಿಗೆ ಬಳಸುವುದೆಂದರೆ ಬೀಗದಕೈಯನ್ನು ತುಳಸಿಕಟ್ಟೆಯ ಮೇಲಿಟ್ಟು ಮೈಕಿನಲ್ಲಿ ಸಾರಿದ ಹಾಗೆ. ಪತ್ರಿಕೆಯವರಿಗೆ ಇದು ತಿಳಿಯದೆಂದಲ್ಲ. ಉಪಯೋಗದ ಒಂದು ಸಾಲು ಸೇರಿಸದಿದ್ದರೆ ಓದುಗರು ಮುಖ ತಿರುಗಿಸುತ್ತಾರೆಂಬ ಭಯ. ನಾವೂ ಹಾಗೆಯೇ ಅಲ್ಲವೆ? ಮಧ್ಯಾಹ್ನ ಒಂದು ಗಂಟೆ ಪುಸ್ತಕ ಹಿಡಿದು ಕೂತರೆ, ಬಂದವರಿಗೆ ‘ಮಗಳ ಪರೀಕ್ಷೆಗೆ ನೋಡುತ್ತಿದ್ದೆ’ ಎನ್ನುತ್ತೇವೆ.

ಹಾಗಾದರೆ ಆ ಸಂಖ್ಯೆಯಲ್ಲಿ ಇರುವುದಾದರೂ ಏನು? ಹೇಳುತ್ತೇನೆ, ಪೆನ್ಸಿಲ್ ತೆಗೆದುಕೊಳ್ಳಿ.

ನಾಲ್ಕು ಕೋಟಿ ಅಂಕಿಗಳನ್ನು ನೋಡದೆಯೇ ಅದರ ಕೊನೆಯ ಅಂಕಿ ಯಾವುದೆಂದು ನೀವು ಅಡುಗೆಮನೆಯಲ್ಲಿ ನಿಂತೇ ಹೇಳಬಹುದು. 2, 4, 8, 16, 32, 64, 128, 256. ಕೊನೆಯ ಅಂಕಿಗಳು 2, 4, 8, 6, ಮತ್ತೆ 2, 4, 8, 6. ಗಾಣದ ಎತ್ತಿನಂತೆ ಸುತ್ತುತ್ತಿವೆ. 13,62,79,841ನ್ನು 4ರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ಅಂದರೆ ಸುತ್ತಿನ ಮೊದಲ ಅಂಕಿ, 2. ಅದರಿಂದ 1 ಕಳೆದರೆ 1. ಸಂಖ್ಯೆಯ ಕೊನೆ 1. ಯಂತ್ರಗಳು ತಿಂಗಳುಗಟ್ಟಲೆ ಬೆವರು ಸುರಿಸಿ ಬರೆದದ್ದರ ತುದಿಯೂ ಅದೇ. ಇದು ಗೊತ್ತಾದಾಗ ನನಗೆ ಆದ ಸಂತೋಷಕ್ಕೆ ರಸೀತಿ ಇಲ್ಲ.

ಇನ್ನೊಂದು. ಕಂಪ್ಯೂಟರು ಲೆಕ್ಕ ಬರೆಯುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳಿಂದ. ಆ ಬರವಣಿಗೆಯಲ್ಲಿ ಈ ಸಂಖ್ಯೆಯಲ್ಲಿ ಸೊನ್ನೆಯೇ ಇಲ್ಲ, 13,62,79,841 ಒಂದುಗಳ ಮಾಲೆ. 3 ಅಂದರೆ 11, 7 ಅಂದರೆ 111, 31 ಅಂದರೆ 11111. ಮಲ್ಲಿಗೆ ಮೊಗ್ಗು ಕಟ್ಟಿದವರಿಗೆ ಮುಂದಿನದು ತಾನಾಗಿ ಹೊಳೆಯುತ್ತದೆ. ಆರು ಮೊಗ್ಗಿನ ಮಾಲೆಯನ್ನು ಎರಡೆರಡಾಗಿಯೋ ಮೂರುಮೂರಾಗಿಯೋ ಸಮವಾಗಿ ಹಂಚಬಹುದು. ನಮ್ಮ ಹತ್ತರ ಲೆಕ್ಕದಲ್ಲೇ ನೋಡಿ, 111111ನ್ನು 11ರಿಂದ ಭಾಗಿಸಿದರೆ 10101, 111ರಿಂದ ಭಾಗಿಸಿದರೆ 1001. ಮಾಲೆಯ ಉದ್ದ ಹಂಚಿಹೋಗುವಂತಿದ್ದರೆ ಸಂಖ್ಯೆಯೂ ಹಂಚಿಹೋಗುತ್ತದೆ. ಆದ್ದರಿಂದ ಮಾಲೆ ಅವಿಭಾಜ್ಯವಾಗಬೇಕಾದರೆ ಮೊಗ್ಗಿನ ಎಣಿಕೆಯೂ ಅವಿಭಾಜ್ಯವಾಗಿರಲೇಬೇಕು. ಹಾಗೆಂದು ಎಣಿಕೆ ಅವಿಭಾಜ್ಯವಾದರೆ ಸಾಕೆ? ಸಾಲದು. ಹನ್ನೊಂದು ಎರಡುಗಳನ್ನು ಗುಣಿಸಿ 1 ಕಳೆಯಿರಿ: 2,047. ಇದು 23 ಮತ್ತು 89ರ ಗುಣಲಬ್ಧ. ಈ 23ನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಅದರ ಕೆಲಸವಿದೆ.

ಇಂಥ ಮಾಲೆಗಳಿಗೆ ಮರಾಂ ಮರ್ಸೆನ್ ಎಂಬ ಫ್ರೆಂಚ್ ಸನ್ಯಾಸಿಯ ಹೆಸರು ಅಂಟಿಕೊಂಡಿದೆ. 1644ರಲ್ಲಿ ಅವನು 257ರವರೆಗೆ ಯಾವ ಉದ್ದದ ಮಾಲೆಗಳು ಅವಿಭಾಜ್ಯ ಎಂದು ಪಟ್ಟಿ ಕೊಟ್ಟ. 67 ಮತ್ತು 257 ತಪ್ಪಾಗಿ ಸೇರಿದ್ದವು; 61, 89, 107 ಬಿಟ್ಟುಹೋಗಿದ್ದವು. ಆ ಪಟ್ಟಿಯನ್ನು ಪೂರ್ತಿ ತಿದ್ದಿ ಮುಗಿಸಿದ್ದು 1947ರಲ್ಲಿ. ಇಷ್ಟು ತಪ್ಪು ಬರೆದೂ ಹೆಸರು ಅವನದೇ ಉಳಿಯಿತು, ಇರಲಿ.

67ರ ಮಾಲೆ ಒಡೆಯುತ್ತದೆಂದು 1876ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲ್ಯುಕಾ ತೋರಿಸಿದ್ದ, ಆದರೆ ತುಂಡುಗಳು ಯಾವುವೆಂದು ಅವನಿಗೂ ಗೊತ್ತಿರಲಿಲ್ಲ. ತುಂಡು ಕಾಣದೆ ಒಡೆದದ್ದು ಗೊತ್ತಾಗುವುದು ಹೇಗೆ? ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಾವು ಮಾಡುವುದೇನು? ಬೆರಳಿನ ಗೆಣ್ಣಿನಿಂದ ತಟ್ಟುತ್ತೇವೆ. ಠಣ್ ಎಂದರೆ ಗಟ್ಟಿ. ಸದ್ದು ಬಿರುಕಾದರೆ ಎಲ್ಲೋ ಸೀಳಿದೆ, ಎಲ್ಲಿ ಅಂತ ಕಣ್ಣಿಗೆ ಕಾಣಬೇಕಿಲ್ಲ. ಲ್ಯುಕಾ ಕಂಡುಹಿಡಿದದ್ದು ಸಂಖ್ಯೆಯನ್ನು ತಟ್ಟಿ ನೋಡುವ ವಿದ್ಯೆ. 1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನ ಸಭೆಯೊಂದರಲ್ಲಿ ಫ್ರಾಂಕ್ ಕೋಲ್ ಎಂಬ ಪ್ರಾಧ್ಯಾಪಕರು ಬೋರ್ಡಿನ ಮೇಲೆ 193707721 × 761838257287 ಎಂದು ಬರೆದು ಗುಣಿಸಿ 147573952589676412927 ಎಂದು ತೋರಿಸಿದರು. ಬಾಯಿಂದ ಒಂದು ಮಾತೂ ಆಡದೆ ಹೋಗಿ ಕೂತರೆಂದು ಕಥೆ. 67ರ ಮಾಲೆಯ ಬಿರುಕು ಆವತ್ತು ಕಣ್ಣಿಗೆ ಬಿತ್ತು.

ತಟ್ಟುವ ವಿದ್ಯೆಯನ್ನು 1930ರಲ್ಲಿ ಅಮೆರಿಕದ ಡಿ. ಎಚ್. ಲೆಹ್ಮರ್ ಇನ್ನೂ ಸರಳಗೊಳಿಸಿದರು. 4ರಿಂದ ಶುರು. ಅದನ್ನು ಅದರಿಂದಲೇ ಗುಣಿಸಿ 2 ಕಳೆಯಿರಿ. ಬಂದದ್ದು ದೊಡ್ಡದಾದರೆ ಪರೀಕ್ಷೆಗಿಟ್ಟ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಮಾಲೆಯ ಉದ್ದಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಐದು ಮೊಗ್ಗಿನ ಮಾಲೆ 31. ಮೂರು ಸಲ ಮಾಡಬೇಕು. 4 ನಾಲ್ಕಲೆ 16, ಎರಡು ಕಳೆದರೆ 14. 14 ಹದಿನಾಲ್ಕಲೆ 196, ಎರಡು ಕಳೆದರೆ 194. 31ರಿಂದ ಭಾಗಿಸಿದರೆ ಶೇಷ 8. 8 ಎಂಟಲೆ 64, ಎರಡು ಕಳೆದರೆ 62. 31ರಿಂದ ಭಾಗಿಸಿದರೆ ಸೊನ್ನೆ. ಆಯಿತು. 2024ರ ಯಂತ್ರ ಟೆಕ್ಸಾಸ್‌ನಲ್ಲಿ ಮಾಡಿದ್ದು ಇದೇ ಲೆಕ್ಕ, ಮೂರರ ಬದಲು 13,62,79,839 ಸಲ. ನಿಮ್ಮ ಹಾಲಿನ ಲೆಕ್ಕದ ಚೀಟಿಯ ಹಿಂಬದಿಯಲ್ಲಿ ಹಿಡಿಸುವ ವಿಧಾನಕ್ಕೂ ಆ ಯಂತ್ರದ ವಿಧಾನಕ್ಕೂ ನಡುವೆ ಇರುವುದು ಗಾತ್ರದ ವ್ಯತ್ಯಾಸ ಮಾತ್ರ. ‘ಇದೆಲ್ಲ ನಮ್ಮ ತಲೆಗೆ ಹತ್ತುವುದಲ್ಲ’ ಎನ್ನುವವರ ಮುಂದೆ ನಾನು ಇಡುವುದು ಈ ಮೂರು ಸಾಲುಗಳನ್ನು.

ಇನ್ನು ಆ 23ರ ವಿಷಯ. 11ನ್ನು ದ್ವಿಗುಣ ಮಾಡಿ ಒಂದು ಸೇರಿಸಿದರೆ 23. 11 ಅವಿಭಾಜ್ಯ, 23 ಕೂಡ. ಹೀಗೆ ದ್ವಿಗುಣ ಮಾಡಿ ಒಂದು ಸೇರಿಸಿದಾಗಲೂ ಅವಿಭಾಜ್ಯವನ್ನೇ ಕೊಡುವ ಅವಿಭಾಜ್ಯಗಳಿಗೆ ಒಬ್ಬ ಹೆಂಗಸಿನ ಹೆಸರಿದೆ: ಸೋಫಿ ಜರ್ಮೇನ್. 11, 23, 83 ಮುಂತಾದ ಅವಳ ಸಂಖ್ಯೆಗಳನ್ನು 4ರಿಂದ ಭಾಗಿಸಿದಾಗ 3 ಉಳಿದರೆ, ಅಷ್ಟು ಉದ್ದದ ಮರ್ಸೆನ್ ಮಾಲೆಯನ್ನು ಆ ದ್ವಿಗುಣದ ಸಂಖ್ಯೆ ಕಣ್ಣುಮುಚ್ಚಿ ಭಾಗಿಸುತ್ತದೆ (3 ಒಂದನ್ನು ಬಿಡಿ, ಅಲ್ಲಿ ಮಾಲೆಯೂ 7, ಭಾಗಿಸುವುದೂ 7). 23ರ ಮಾಲೆ 83,88,607. 47ರಿಂದ ಭಾಗಿಸಿ ನೋಡಿ, 1,78,481 ಬರುತ್ತದೆ, ಶೇಷವಿಲ್ಲ. ಯಂತ್ರಕ್ಕೆ ಕೆಲಸ ಕೊಡುವ ಮೊದಲೇ ಎಷ್ಟೋ ಮಾಲೆಗಳನ್ನು ಹೀಗೆ ಜರಡಿ ಹಿಡಿಯಬಹುದು.

ಸೋಫಿ 1776ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದವಳು. ಕ್ರಾಂತಿಯ ಗಲಭೆಯಲ್ಲಿ ಹೊರಗೆ ಹೋಗಲಾಗದೆ ಅಪ್ಪನ ಪುಸ್ತಕದ ಕೋಣೆಯಲ್ಲಿ ಗಣಿತಕ್ಕೆ ಅಂಟಿಕೊಂಡಳು. ರಾತ್ರಿ ಓದಬಾರದೆಂದು ಮನೆಯವರು ಮೇಣದಬತ್ತಿ, ಬೆಂಕಿ, ಬೆಚ್ಚನೆಯ ಬಟ್ಟೆ ಎಲ್ಲ ತೆಗೆದಿಟ್ಟರೆಂದು ಹೇಳುತ್ತಾರೆ. 1794ರಲ್ಲಿ ತೆರೆದ ದೊಡ್ಡ ವಿದ್ಯಾಲಯ ಎಕೋಲ್ ಪಾಲಿಟೆಕ್ನಿಕ್‌ಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಪಾಠದ ಟಿಪ್ಪಣಿಗಳನ್ನು ತರಿಸಿಕೊಂಡು ಲಬ್ಲಾನ್ ಎಂಬ ಗಂಡಸಿನ ಹೆಸರಿನಲ್ಲಿ ಉತ್ತರ ಬರೆದು ಕಳಿಸಿದಳು. ಜರ್ಮನಿಯ ಮಹಾ ಗಣಿತಜ್ಞ ಗೌಸ್‌ಗೂ ಅದೇ ಹೆಸರಿನಲ್ಲಿ ಪತ್ರ ಬರೆದಳು. 1807ರಲ್ಲಿ ಗುಟ್ಟು ರಟ್ಟಾದಾಗ ಗೌಸ್ ಸಿಟ್ಟಾಗಲಿಲ್ಲ, ಹೆಣ್ಣಾಗಿ ಈ ಮುಳ್ಳುದಾರಿಯಲ್ಲಿ ಇಷ್ಟು ದೂರ ಬರಬೇಕಾದರೆ ಎಂಥ ಧೈರ್ಯ ಬೇಕೆಂದು ಮೆಚ್ಚಿ ಬರೆದ. 1816ರಲ್ಲಿ ಲೋಹದ ತಗಡುಗಳ ಕಂಪನದ ಮೇಲಿನ ಕೆಲಸಕ್ಕೆ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಬಹುಮಾನ ಅವಳಿಗೇ ಬಂತು. 1831ರಲ್ಲಿ ತೀರಿಕೊಂಡಾಗ ಮರಣಪತ್ರದಲ್ಲಿ ವೃತ್ತಿಯ ಜಾಗದಲ್ಲಿ ಗಣಿತಜ್ಞೆ ಎಂದು ಬರೆಯಲಿಲ್ಲ, ಆಸ್ತಿಯ ಆದಾಯದಲ್ಲಿ ಬದುಕುವವಳು ಎಂದು ಬರೆದರು. 1889ರಲ್ಲಿ ಐಫೆಲ್ ಗೋಪುರ ಕಟ್ಟಿದಾಗ 72 ಮಂದಿ ವಿಜ್ಞಾನಿ, ಎಂಜಿನಿಯರರ ಹೆಸರು ಕೆತ್ತಿದರು, ಒಂದೂ ಹೆಂಗಸಿನದಲ್ಲ.

ಅದು ಹಳೆಯ ಕಾಲದ್ದು ಎನ್ನುತ್ತೀರಾ? ಹಾಗಾದರೆ 1952ಕ್ಕೆ ಬನ್ನಿ. 1876ರಲ್ಲಿ ಲ್ಯುಕಾ ಕೈಲೆಕ್ಕದಲ್ಲಿ ಸಾಧಿಸಿದ 39 ಅಂಕಿಯ 127ರ ಮಾಲೆಯೇ 75 ವರ್ಷ ದಾಖಲೆಯಾಗಿ ನಿಂತಿತ್ತು. 1952ರ ಜನವರಿ 30ರಂದು ಲಾಸ್ ಏಂಜಲೀಸ್‌ನ ‘ಸ್ವಾಕ್’ ಎಂಬ ಯಂತ್ರದ ಮೇಲೆ ಒಂದೇ ದಿನ ಎರಡು ಹೊಸ ಮಾಲೆಗಳು ಸಿಕ್ಕವು: 521 ಮತ್ತು 607 ಉದ್ದದವು, ಅಂಕಿಗಳು 157 ಮತ್ತು 183. ಯಂತ್ರದ ಮುಖವನ್ನೇ ನೋಡದೆ, ಕೈಪಿಡಿ ಓದಿಯೇ ಪ್ರೋಗ್ರಾಂ ಬರೆದವರು ಬರ್ಕ್‌ಲಿಯ ಪ್ರಾಧ್ಯಾಪಕ ರಫಾಯೆಲ್ ರಾಬಿನ್ಸನ್. ಅದನ್ನು ಓಡಿಸಲು ವ್ಯವಸ್ಥೆ ಮಾಡಿದವರು ತಟ್ಟುವ ವಿದ್ಯೆಯ ಅದೇ ಲೆಹ್ಮರ್. ಇಬ್ಬರೂ ದೊಡ್ಡವರು, ನನಗೆ ಗೌರವವಿದೆ. ಆದರೆ ಇಬ್ಬರ ಮನೆಯಲ್ಲೂ ಒಬ್ಬೊಬ್ಬ ಗಣಿತಜ್ಞೆ ಇದ್ದಳು. ಎಮ್ಮಾ ಲೆಹ್ಮರ್, ಜೂಲಿಯಾ ರಾಬಿನ್ಸನ್. ಗಂಡ ಹೆಂಡತಿ ಇಬ್ಬರಿಗೂ ಒಂದೇ ಕಡೆ ನೌಕರಿ ಕೊಡಬಾರದೆಂಬ ನಿಯಮ ಬರ್ಕ್‌ಲಿಯಲ್ಲಿತ್ತು. ನಿಯಮ ನೋಡಲು ಎಷ್ಟು ನ್ಯಾಯವಾಗಿದೆ ನೋಡಿ! ಅದರಲ್ಲಿ ಹೆಂಗಸು ಎಂಬ ಪದವೇ ಇಲ್ಲ. ಆದರೂ ಬಾಗಿಲ ಹೊರಗೆ ನಿಂತದ್ದು ಹೆಂಡತಿಯರೇ. 1946ರ ಜುಲೈ 4ರ ರಜೆಯಲ್ಲಿ ಎನಿಯಾಕ್ ಯಂತ್ರದ ಮೇಲೆ ಲೆಹ್ಮರ್ ದಂಪತಿಗಳು ಅವಿಭಾಜ್ಯಗಳ ಲೆಕ್ಕ ಓಡಿಸಿದ್ದರು. ಎಮ್ಮಾ ನೂರು ವರ್ಷ ಬಾಳಿ 2007ರಲ್ಲಿ ತೀರಿಕೊಂಡರು. ಪ್ರಬಂಧಗಳನ್ನು ಬರೆದರು, ಪ್ರಾಧ್ಯಾಪಕಿಯ ಕುರ್ಚಿ ಮಾತ್ರ ಸಿಗಲಿಲ್ಲ. ಜೂಲಿಯಾ, ಪೂರ್ಣಸಂಖ್ಯೆಗಳ ಸಮೀಕರಣಗಳಿಗೆ ಉತ್ತರವಿದೆಯೋ ಇಲ್ಲವೋ ಎಂದು ಯಾವಾಗಲೂ ಹೇಳಬಲ್ಲ ಒಂದೇ ವಿಧಾನ ಸಾಧ್ಯವೆ ಎಂಬ ಹಿಲ್ಬರ್ಟ್‌ನ ಹತ್ತನೆಯ ಸಮಸ್ಯೆಯ ಬಿಡಿಸುವಿಕೆಗೆ ದಾರಿ ಕಡಿದವರು; 1970ರಲ್ಲಿ ರಷ್ಯಾದ ತರುಣ ಮತಿಯಾಸೆವಿಚ್ ಕೊನೆಯ ಕಲ್ಲು ಇಟ್ಟು, ಸಾಧ್ಯವಿಲ್ಲವೆಂದು ಸಿದ್ಧಪಡಿಸಿದ. 1975ರಲ್ಲಿ ಜೂಲಿಯಾ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಮೊದಲ ಗಣಿತಜ್ಞೆಯಾದರು. ಅವರು ಯಾರೆಂದು ವಿಶ್ವವಿದ್ಯಾಲಯದ ಪ್ರಚಾರ ವಿಭಾಗದವರು ಗಣಿತ ವಿಭಾಗಕ್ಕೆ ಫೋನು ಮಾಡಿ ಕೇಳಿದರಂತೆ. ಪ್ರೊಫೆಸರ್ ರಾಬಿನ್ಸನ್ನರ ಹೆಂಡತಿ ಎಂದು ಉತ್ತರ ಬಂತಂತೆ. ಪ್ರಾಧ್ಯಾಪಕ ಹುದ್ದೆ ಕೊಟ್ಟದ್ದು ಅದಾದ ಮೇಲೆ, 1976ರಲ್ಲಿ.

ಈ ಕಥೆಯಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾಗುವವಳು ಇನ್ನೊಬ್ಬಳಿದ್ದಾಳೆ, ಜೂಲಿಯಾಳ ಅಕ್ಕ ಕಾನ್‌ಸ್ಟನ್ಸ್ ರೀಡ್. ಗಣಿತ ಓದಿದವಳಲ್ಲ, ಮನೆ ನೋಡಿಕೊಂಡು ಬರವಣಿಗೆ ಮಾಡುತ್ತಿದ್ದವಳು. ಹೊಸ ಮಾಲೆಗಳು ಸಿಕ್ಕ ಸುದ್ದಿಯನ್ನು ತಂಗಿ ಅವಳಿಗೆ ಹೇಳಿದಳು. ಪ್ರತಿಯೊಂದು ಮರ್ಸೆನ್ ಅವಿಭಾಜ್ಯಕ್ಕೂ ಜೊತೆಗೊಂದು ‘ಪರಿಪೂರ್ಣ ಸಂಖ್ಯೆ’ ಇರುತ್ತದೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ತಾನೇ ಬರುವ ಸಂಖ್ಯೆ ಅದು: 6 ಅಂದರೆ 1+2+3, 28 ಅಂದರೆ 1+2+4+7+14. 3ರ ಜೊತೆಗಾತಿ 6, 7ರ ಜೊತೆಗಾತಿ 28. (2024ರ ಸಂಖ್ಯೆಯ ಜೊತೆಗಾತಿಗೆ 8,20,48,640 ಅಂಕಿಗಳು.) ಈ ವಿಚಾರ ಹಿಡಿದು ರೀಡ್ ಬರೆದ ಲೇಖನ 1953ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಬಂತು. ಅದರಿಂದ 1955ರಲ್ಲಿ ಸಂಖ್ಯೆಗಳ ಕುರಿತ ಒಂದು ಪುಸ್ತಕ ಹುಟ್ಟಿತು, 50 ವರ್ಷ ಕಳೆದ ಮೇಲೂ ಅದು ಮರುಮುದ್ರಣವಾಯಿತು. ಅವಳಿಗೆ ಯಾರಾದರೂ ‘ನಿನಗೇನಮ್ಮ ಉಪಯೋಗ’ ಎಂದು ಕೇಳಿದ್ದರೋ ಏನೋ. ಕೇಳಿದ್ದರೆ ಅವಳು ನಿಂತು ಉತ್ತರ ಹೇಳುತ್ತಾ ಕೂರಲಿಲ್ಲ ಎಂಬುದಂತೂ ಸ್ಪಷ್ಟ.

ಇಲ್ಲಿ ನನ್ನ ವಾದಕ್ಕೆ ಒಂದು ಸುಲಭದ ಗೆಲುವು ಕಾದು ಕೂತಿದೆ. 1952ರ ಜನವರಿಯಲ್ಲಿ ಸಿಕ್ಕ ಆ 521ರ ಮಾಲೆ ಇವತ್ತು ಗುಪ್ತಲಿಪಿಯ ಒಂದು ಮಾನ್ಯ ವಿಧಾನದಲ್ಲಿ ನಿಜವಾಗಿಯೂ ಬಳಕೆಯಲ್ಲಿದೆ. ಅಲ್ಲಿ ಆ ಅವಿಭಾಜ್ಯವನ್ನು ಬಚ್ಚಿಡುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಅಂಗಳ; ಗುಟ್ಟು ಆ ಅಂಗಳದಲ್ಲಿ ಇಡುವ ಹೆಜ್ಜೆಗಳಲ್ಲಿ. ‘ನೋಡಿದಿರಾ, ಉಪಯೋಗಕ್ಕೆ ಬಂತಲ್ಲ’ ಎಂದು ನಾನು ಕೈ ತಟ್ಟಿ ಎದ್ದುಬಿಡಬಹುದು. ನನಗೆ ಈ ಗೆಲುವು ಬೇಡ. ಇದನ್ನು ಒಪ್ಪಿದರೆ, ಅದೇ ವರ್ಷ ಸಿಕ್ಕ ಉಳಿದ ಮಾಲೆಗಳು ಇಂದಿಗೂ ಕೈಕಟ್ಟಿ ನಿಂತು ತಮ್ಮ ಉಪಯೋಗ ಬರುವ ದಿನಕ್ಕೆ ಕಾಯಬೇಕಾಗುತ್ತದೆ. ಸೋಫಿಯ ಮೇಣದಬತ್ತಿಯನ್ನು ತೆಗೆದಿಟ್ಟವರು ಸರಿಯಾಗಿಬಿಡುತ್ತಾರೆ, ಮುಂದೆ ಇಂಥದ್ದೇನೋ ಆಗುತ್ತದೆಂದು ಅವರಿಗೆ ಮಾತ್ರ ಯಾರು ಹೇಳಿದ್ದರು? ರಾಬಿನ್ಸನ್ ಪ್ರೋಗ್ರಾಂ ಬರೆದದ್ದು ಬೀಗ ಮಾಡುವುದಕ್ಕಲ್ಲ. ಗೊತ್ತಾಗಲಿ ಎಂದು.

ಎದುರುವಾದ ನನಗೆ ಗೊತ್ತಿಲ್ಲದ್ದೇನಲ್ಲ. ಮೂರು ಕಿಲೋಮೀಟರು ನೀರು ಹೊರುವವಳ ಮುಂದೆ ಹೋಗಿ ಅವಿಭಾಜ್ಯ ಸಂಖ್ಯೆಯ ಸೊಬಗು ಹೇಳುವಷ್ಟು ಮರುಳು ನಾನಲ್ಲ. ಅವಳಿಗೆ ಮೊದಲು ನಲ್ಲಿ ಬೇಕು. ಆದರೆ ನಲ್ಲಿ ಬಂದ ಮೇಲೆ ಉಳಿಯುವ ಆ ಮೂರು ಗಂಟೆ ಯಾರದ್ದು ಎಂಬುದು ನನ್ನ ಪ್ರಶ್ನೆ. ಅದನ್ನೂ ಹಪ್ಪಳ ಒತ್ತುವುದಕ್ಕೇ ಕೊಡಬೇಕೆಂದು ಯಾರು ತೀರ್ಮಾನಿಸಿದರು? ಕರೆಂಟು ದಂಡ ಎನ್ನುವವರ ಮಾತಿಗೆ ಬೆಲೆಯಿದೆ. 17 ದೇಶಗಳ ಯಂತ್ರಗಳು ಗಾಳಿ ಕುಡಿದು ಓಡುವುದಿಲ್ಲ. ಹಾಗೆ ಹೇಳುವ ಹಕ್ಕು ಮದುವೆ ಛತ್ರದ ಸೀರಿಯಲ್ ಲೈಟುಗಳ ಬಗ್ಗೆಯೂ ಬಾಯಿ ಬಿಟ್ಟವರಿಗಿದೆ.

ನನ್ನನ್ನು ಹೆಚ್ಚು ಕೆರಳಿಸುವುದು ವಿರೋಧಿಗಳಲ್ಲ, ಹಿತೈಷಿಗಳು. ಹೆಂಗಸರಿಗೆ ಗಣಿತ ಹತ್ತಿರವಾಗಬೇಕೆಂದು ಅವರಿಗೂ ಆಸೆ. ಅದಕ್ಕೆ ಅವರು ಗಣಿತವನ್ನು ಉಪ್ಪಿನಕಾಯಿ ಜಾಡಿಯಲ್ಲಿ ಹಾಕಿ ತರುತ್ತಾರೆ. ಮಾಸಿಕ ಬಜೆಟ್ಟು, ಚೀಟಿಯ ಬಡ್ಡಿ, ಕುಕ್ಕರಿನ ಅಳತೆ. ಇಲ್ಲವಾದರೆ ‘ನಿಮ್ಮ ರಂಗೋಲಿಯೇ ಗಣಿತವಲ್ಲವೆ ತಾಯಿ’ ಎಂದು ಹೊಗಳಿ ಶಾಲು ಹೊದಿಸುತ್ತಾರೆ. ರಂಗೋಲಿಯಲ್ಲಿ ಗಣಿತ ಇದೆ, ನಾನೂ ಹಾಕುತ್ತೇನೆ. ಆದರೆ ಹೊಸ್ತಿಲಲ್ಲೇ ನಿಮ್ಮ ಗಣಿತ ಮುಗಿಯಿತು, ಒಳಗಿನದು ನಮಗೆ ಬಿಡಿ ಎಂಬ ಧ್ವನಿ ಆ ಹೊಗಳಿಕೆಯ ತಳದಲ್ಲಿ ನನಗೆ ಕೇಳಿಸುತ್ತದೆ. 1150ರಲ್ಲಿ ಭಾಸ್ಕರಾಚಾರ್ಯರು ‘ಲೀಲಾವತಿ’ ಬರೆದಾಗ ಒಬ್ಬ ಬಾಲೆಯನ್ನು ಕರೆದು ಕರೆದು ಪ್ರಶ್ನೆ ಕೇಳಿದರು. ಬಡ್ಡಿಯ ಲೆಕ್ಕ ಅದರಲ್ಲೂ ಇದೆ. ಆದರೆ ಅಲ್ಲಿಗೇ ನಿಲ್ಲಿಸಿ ಹೋಗು ಎನ್ನಲಿಲ್ಲ. ದುಂಬಿಯ ಹಿಂಡು, ಹರಿದ ಮುತ್ತಿನ ಹಾರ, ಹಾವು ಮತ್ತು ನವಿಲಿನ ಲೆಕ್ಕ ದಾಟಿ ಕುಟ್ಟಕದವರೆಗೆ ಕರೆದೊಯ್ದರು. ಕುಟ್ಟಕದಿಂದ ಯಾವ ಮನೆಯ ಖರ್ಚೂ ಸರಿದೂಗುವುದಿಲ್ಲ.

ಮೊನ್ನೆ ನಮ್ಮೂರಿನ ಮಹಿಳಾ ಮಂಡಳಿಯೊಂದರಿಂದ ಕರೆ ಬಂತು. ‘ಗೃಹಿಣಿಯರಿಗೆ ಗಣಿತ’ ಎಂದು ಅರ್ಧ ಗಂಟೆ ಮಾತಾಡಬೇಕು, ಉಳಿತಾಯದ ವಿಷಯವಾದರೆ ಒಳ್ಳೆಯದು ಎಂದರು. ಬರುತ್ತೇನೆ, ಆದರೆ 2,047ರ ಬಗ್ಗೆ ಮಾತಾಡುತ್ತೇನೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಅದು ಯಾವ ಯೋಜನೆ ಮೇಡಂ, ಅಂಚೆ ಕಚೇರಿಯದಾ ಎಂದು ಕೇಳಿದರು. ಅಲ್ಲ, ಸಂಖ್ಯೆ ಎಂದೆ. ಒಂದು ಕಪ್ಪುಹಲಗೆ, ನಾಲ್ಕು ಸೀಮೆಸುಣ್ಣ, ಬಂದವರಿಗೆಲ್ಲ ಒಂದೊಂದು ಹಾಳೆ ಮತ್ತು ಪೆನ್ಸಿಲ್ ಬೇಕಾಗುತ್ತದೆ ಎಂದೂ ಸೇರಿಸಿದೆ. ಸಮಿತಿಯಲ್ಲಿ ಕೇಳಿ ತಿಳಿಸುತ್ತೇವೆ ಎಂದಿದ್ದಾರೆ.